ಸೊಗಸು ಮೊದಲೋ, ಉಪಯೋಗ ಮೊದಲೋ?

ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ಮರುದಿನದಿಂದಲೇ ನಮ್ಮ ಪಾಠಶಾಲೆಯ ಕಛೇರಿಗೆ ತಂದೆತಾಯಂದಿರು ಬರತೊಡಗುವುದು ವಾಡಿಕೆ. ಹಿಂದೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಹುಡುಗಿಯನ್ನು ಮುಂದಿನ ಓದಿಗೆ ಎಲ್ಲಿಗೆ ಕಳುಹಿಸತಕ್ಕದ್ದು, ಭಾಲ್ಕಿಗೋ, ಬೀದರಿಗೋ, ಉದಗೀರಿಗೋ ಎಂಬುದು. ಈಚೆಗೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯು ಹುಟ್ಟಿಕೊಂಡಿದೆ. “ಅಕ್ಕೋರೇ, ಮಗಳಿಗೆ ಯಾವ ಮೊಬೈಲು ಕೊಡಿಸಬೇಕು?” ಎಂದು ಭಾತಂಬ್ರಾದ ರೈತನೂ ಕೇಳುತ್ತಾನೆ, ಔರಾದಿನ ಅಂಗಡಿಕಾರನೂ ಕೇಳುತ್ತಾನೆ. ಕೇಳುವಾಗ ಇಬ್ಬರ ಮುಖದಲ್ಲಿಯೂ ಒಂದೇ ಬಗೆಯ ಕಳವಳವಿರುತ್ತದೆ. ತೊಗರಿ ಮಾರಿದ ಹಣದಲ್ಲಿ ದೊಡ್ಡ ಪಾಲು ಈ ಅಂಗೈಯಗಲದ ವಸ್ತುವಿಗೆ ಹೋಗಲಿದೆ. ಕೊಡಿಸದಿದ್ದರೆ ಮಗಳ ಓದು ನಿಲ್ಲುತ್ತದೆ. ಕೊಡಿಸಿದರೆ ಯಾವುದನ್ನು ಕೊಡಿಸುವುದೋ ತಿಳಿಯದು.

ಈ ಪ್ರಶ್ನೆಗೆ ಉತ್ತರ ಕೊಡುವುದು ಮುಖ್ಯೋಪಾಧ್ಯಾಯಿನಿಯ ಕೆಲಸವೇ ಎಂದು ಕೆಲವರು ನಗಬಹುದು. ಆದರೆ ಮಿತವ್ಯಯವನ್ನೂ ವಿವೇಕವನ್ನೂ ಕಲಿಸುವುದು ಪಾಠಶಾಲೆಯ ಕರ್ತವ್ಯವಾದಲ್ಲಿ, ಒಂದು ಬಡ ಕುಟುಂಬವು ವರ್ಷದಲ್ಲಿ ಮಾಡುವ ಅತಿ ದೊಡ್ಡ ಖರೀದಿಯ ವಿಷಯದಲ್ಲಿ ಪಾಠಶಾಲೆಯು ಮೌನವಾಗಿರುವುದು ಹೇಗೆ? ಅಲ್ಲದೆ ಈ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಎಡವಿದವರು ಹಿಂದೆ ಬರುವವರಿಗೆ ಕಲ್ಲನ್ನು ತೋರಿಸುವುದು ಧರ್ಮ.

ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. 2020ರ ಮಾರ್ಚಿಯಲ್ಲಿ ಕೋವಿಡ್ ಜಾಡ್ಯದ ನಿಮಿತ್ತ ಶಾಲೆಗಳು ಮುಚ್ಚಿದುದೂ, ಆ ವರ್ಷ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಆರಂಭವಾದುದೂ ಎಲ್ಲರಿಗೂ ನೆನಪಿದೆ. ನಮ್ಮ ಅನೇಕ ಬಾಲಿಕೆಯರ ಮನೆಗಳಲ್ಲಿ ಟೀವಿಯೂ ಇರಲಿಲ್ಲ, ಒಳ್ಳೆಯ ಮೊಬೈಲೂ ಇರಲಿಲ್ಲ. ಇದನ್ನು ಕೇಳಿದ ಪೂರ್ವ ವಿದ್ಯಾರ್ಥಿನಿಯರು ತಮ್ಮ ಸಂಬಳದಿಂದ ಹಣ ಕೂಡಿಸಿ ಕಳುಹಿಸಿದರು. ಆ ಹಣದಿಂದ 2021ರಲ್ಲಿ ಹನ್ನೆರಡು ಟ್ಯಾಬುಗಳನ್ನು ಕೊಂಡೆವು. ಅಂಗಡಿಯವನು ನಮ್ಮೆದುರಿಗೆ ಎರಡು ಬಗೆಯವನ್ನು ಇಟ್ಟಿದ್ದನು. ಒಂದು ದಪ್ಪನೆಯದು, ಕಪ್ಪು, ನೋಡಲು ಹಲಗೆಯಂಥದು. ಇನ್ನೊಂದು ಎಲೆಯಂತೆ ತೆಳ್ಳಗೆ, ಬೆಳ್ಳಿಯ ಅಂಚಿನದು. ಎರಡಕ್ಕೂ ಬೆಲೆಯಲ್ಲಿ ಬಹಳ ಅಂತರವಿರಲಿಲ್ಲ. ದಾನಿಗಳಿಗೆ ಭಾವಚಿತ್ರ ತೆಗೆದು ಕಳುಹಿಸಬೇಕಲ್ಲವೆ, ಚೆನ್ನಾಗಿ ಕಾಣಲಿ ಎಂದು ಎರಡನೆಯದನ್ನು ಆರಿಸಿದೆವು. ಹಾಗೆ ಆರಿಸಿದವರು ನಾವೇ. ಬೇರೆ ಯಾರ ಮೇಲೂ ಹೊರೆ ಹೊರಿಸುವುದಿಲ್ಲ.

ಮೊದಲ ತಿಂಗಳಲ್ಲಿಯೇ ತಿಳಿದುದೇನೆಂದರೆ, ಅದರ ಒಳಗಿನ ಸಂಗ್ರಹಸ್ಥಳವು ಅತ್ಯಲ್ಪ. ಮೆಮೊರಿ ಕಾರ್ಡು ಹಾಕಲು ಕಿಂಡಿಯೇ ಇಲ್ಲ. ಒಂದು ವಾರದ ಪಾಠಗಳನ್ನು ತುಂಬಿಸಿದರೆ ಹಿಂದಿನ ವಾರದವನ್ನು ಅಳಿಸಬೇಕು. ಕರೆಂಟು ಹೋದ ದಿನ ಮಧ್ಯಾಹ್ನದೊಳಗೆ ಕಣ್ಣು ಮುಚ್ಚುತ್ತಿತ್ತು. ಮೂರನೆಯ ವರ್ಷಕ್ಕೆ ಕೆಲವುಗಳ ಬ್ಯಾಟರಿ ಉಬ್ಬಿ ಹಿಂಬದಿಯು ಬಾಯಿ ಬಿಟ್ಟಿತು. ಬಿಡಿಭಾಗವು ಬರುವುದಿಲ್ಲವೆಂದು ಅಂಗಡಿಯವನು ಕೈ ಚೆಲ್ಲಿದನು. ಇಂದು ಹನ್ನೆರಡರಲ್ಲಿ ಮೂರು ಮಾತ್ರ ಕೆಲಸ ಮಾಡುತ್ತವೆ. ನಮ್ಮ ವಸತಿಗೃಹದ ಮೇಟ್ರನರ ಬಳಿಯಲ್ಲಿರುವ ಗುಂಡಿಯ ಮೊಬೈಲಾದರೋ ಅದಕ್ಕಿಂತ ಹಿಂದಿನದು. ಎರಡು ಸಲ ಬಕೆಟ್ಟಿನಲ್ಲಿ ಬಿದ್ದಿದೆ. ಈಗಲೂ ತಂದೆತಾಯಂದಿರ ಕರೆಗಳು ಅದಕ್ಕೇ ಬರುತ್ತವೆ.

ನಮ್ಮದು ಸಂಸ್ಥೆಯ ನಷ್ಟ, ಹೇಗೋ ಸಹಿಸಿದೆವು. ಒಬ್ಬ ಬಾಲಿಕೆಯ ನಷ್ಟವು ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಓದಿ ನರ್ಸಿಂಗ್ ಶಿಕ್ಷಣಕ್ಕೆ ಸೇರಿದ ಈಕೆಗೆ ತಂದೆಯು ಸೋಯಾ ಮಾರಿ ಮೊಬೈಲು ಕೊಡಿಸಿದನು. ಹಿಂದೆಯೂ ಮುಂದೆಯೂ ಕನ್ನಡಿಯಂತಹ ಗಾಜು. ಸೋದರಮಾವನ ಮಗಳ ಬಳಿ ಅಂತಹುದೇ ಇದ್ದಿತು. ನಾಲ್ಕನೆಯ ತಿಂಗಳಲ್ಲಿ ಬಸ್ ನಿಲ್ದಾಣದಲ್ಲಿ ಚೀಲದಿಂದ ಜಾರಿ ಬಿದ್ದು ಎರಡು ಬದಿಯೂ ಒಡೆಯಿತು. ಹತ್ತಿರದಲ್ಲಿ ರಿಪೇರಿ ಆಗಲಿಲ್ಲ, ಹೈದರಾಬಾದಿಗೆ ಕಳುಹಿಸಬೇಕಾಯಿತು. ಖರ್ಚು ಕೊಂಡ ಬೆಲೆಯ ಮೂರರಲ್ಲೊಂದು ಪಾಲು, ಕಾಯುವಿಕೆ ಮೂರು ವಾರ. ಅದೇ ವಾರಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನವಿದ್ದಿತು. ಓಟಿಪಿ ಸಂಖ್ಯೆಯು ಬರಬೇಕಾದುದು ಅದೇ ಮೊಬೈಲಿಗೆ. ಸಿಮ್ಮನ್ನು ಬೇರೆಯವರ ಮೊಬೈಲಿಗೆ ಹಾಕಬಹುದೆಂದು ಆಕೆಗೆ ಹೊಳೆಯುವಷ್ಟರಲ್ಲಿ ದಿನ ಕಳೆದಿತ್ತು. ಆ ವರ್ಷದ ವೇತನವು ಹೋಯಿತು. ಆಕೆಯ ತಂದೆಯು ನಮ್ಮ ಮುಂದೆ ಕುಳಿತು, “ಚೆಂದದ್ದು ಕೊಡಿಸಿದೆನಲ್ಲ ಅಕ್ಕೋರೇ, ಕೆಟ್ಟದ್ದು ಕೊಡಿಸಲಿಲ್ಲವಲ್ಲ” ಎಂದನು. ಆ ಮಾತು ನಮ್ಮ ಮನಸ್ಸಿನಿಂದ ಮಾಸಿಲ್ಲ.

ಕೈಯಲ್ಲಿ ಹಿಡಿದು ತಿರುಗುವ ಯಂತ್ರಗಳಲ್ಲಿ ಸೊಗಸಿನ ಈ ಮೋಹವು ಇಂದಿನದಲ್ಲ. 1954ರಲ್ಲಿ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೊ ರೀಜೆನ್ಸಿ ಎಂಬುದು. ಅದರ ಬೆಲೆ ಸುಮಾರು 50 ಡಾಲರು. ಬಗೆಬಗೆಯ ಬಣ್ಣಗಳಲ್ಲಿ ದೊರೆಯುತ್ತಿತ್ತು. ಬ್ಯಾಟರಿಯಾದರೋ ಸುಮಾರು 20 ಗಂಟೆ ಮಾತ್ರ ಬಾಳುತ್ತಿತ್ತು. 1957ರಲ್ಲಿ ಜಪಾನಿನ ಸೋನಿಯವರು ‘ಜೇಬಿನ ರೇಡಿಯೊ’ ಎಂದು ಒಂದನ್ನು ಹೊರತಂದರು. ಅದು ಸಾಧಾರಣ ಅಂಗಿಯ ಜೇಬಿಗೆ ಕೊಂಚ ದೊಡ್ಡದಾಗಿದ್ದುದರಿಂದ, ಮಾರುವವರಿಗೆ ದೊಡ್ಡ ಜೇಬಿನ ಅಂಗಿಗಳನ್ನೇ ಹೊಲಿಸಿಕೊಟ್ಟೆವೆಂದು ಆ ಸಂಸ್ಥೆಯ ಅಕಿಯೊ ಮೊರಿತಾ ಅವರು ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. 2010ರಲ್ಲಿ ಬಂದ ಐಫೋನ್ 4ರಲ್ಲಿ ಉಕ್ಕಿನ ಹೊಳೆಯುವ ಅಂಚೇ ಆಂಟೆನಾ ಆಗಿದ್ದಿತು. ಕೆಲವರು ಹಿಡಿದಂತೆ ಹಿಡಿದರೆ ಸಿಗ್ನಲ್ಲು ಕುಗ್ಗುತ್ತಿತ್ತು. ಕಡೆಗೆ ಆಪಲ್ ಸಂಸ್ಥೆಯು ಕೊಂಡವರಿಗೆ ಉಚಿತವಾಗಿ ಕವರು ಹಂಚಬೇಕಾಯಿತು. ಜಗತ್ತೇ ಮೆಚ್ಚಿದ ಅಂಚು ಕವರಿನೊಳಗೆ ಅಡಗಿತು. 2016ರಲ್ಲಿ ಸ್ಯಾಮ್‌ಸಂಗಿನವರ ನೋಟ್ 7 ಎಂಬ ಅಂದವಾದ ಮೊಬೈಲಿನ ಬ್ಯಾಟರಿಗಳು ಹೊತ್ತಿಕೊಂಡು, ಅದನ್ನು ಸಂಪೂರ್ಣವಾಗಿ ಹಿಂದಕ್ಕೆ ಪಡೆಯಬೇಕಾಯಿತು. ಒಳಪದರಗಳಿಗೆ ಹೊರಚೀಲದ ಮೂಲೆಯಲ್ಲಿ ಸಾಕಷ್ಟು ಸ್ಥಳ ಬಿಡದಿದ್ದುದು ಕಾರಣಗಳಲ್ಲೊಂದೆಂದು ಮರುವರ್ಷ ಸಂಸ್ಥೆಯೇ ತಿಳಿಸಿತು. ಇಷ್ಟು ಬಲ್ಲವರೂ ಎಡವಿರುವಲ್ಲಿ, ಭಾಲ್ಕಿಯ ಪೇಟೆಯಲ್ಲಿ ದೀಪಗಳ ಕೆಳಗೆ ನಿಂತ ತಂದೆಯೊಬ್ಬನು ಎಡವಿದರೆ ಆಶ್ಚರ್ಯವೇನು?

ಹಾಗಾದರೆ ಸೊಗಸೇ ಬೇಡವೆಂದು ಹೇಳಿಬಿಡೋಣವೇ? ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬರೊಡನೆ ಈ ವಿಷಯವಾಗಿ ಮಾತನಾಡುತ್ತಿದ್ದಾಗ ಅವರು ನಮ್ಮನ್ನು ನೇರವಾಗಿ ತಡೆದರು. “ಬಡವರ ಮಕ್ಕಳಿಗೆ ಗಟ್ಟಿಯಾದದ್ದು ಕೊಟ್ಟರೆ ಸಾಕು, ಚೆಂದದ್ದು ಬೇಡ ಎನ್ನುವುದು ಮಿಷನ್ ಶಾಲೆಗಳ ಹಳೆಯ ಚಾಳಿ. ನಮಗೆ ಕೊಟ್ಟ ಬಟ್ಟೆ ಹರಿಯುತ್ತಿರಲಿಲ್ಲ ನಿಜ, ಆದರೆ ಅದನ್ನು ಉಟ್ಟು ಪೇಟೆಗೆ ಹೋಗಲು ನಾಚಿಕೆಯಾಗುತ್ತಿತ್ತು” ಎಂದರು. ಈ ಆಕ್ಷೇಪಣೆಗೆ ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ನಾವೂ ಮಿಷನ್ ವಸತಿಗೃಹದಲ್ಲಿ ಬೆಳೆದವರು. ಆ ಒರಟು ಬಟ್ಟೆಯ ನೆನಪು ನಮಗೂ ಇದೆ. ಕಾಲೇಜಿನ ಮೊದಲ ದಿನ ತನ್ನ ಹಳೆಯ ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಹುಡುಗಿಯ ಸಂಕಟವನ್ನು ಹಾಸ್ಯ ಮಾಡತಕ್ಕದ್ದಲ್ಲ. ಅಂದವಾದ ವಸ್ತುವನ್ನು ಮಕ್ಕಳು ಹೆಚ್ಚು ಜೋಪಾನ ಮಾಡುತ್ತಾರೆಂಬುದೂ ನಮ್ಮ ಅನುಭವವೇ. ಸೃಷ್ಟಿಕರ್ತನು ಹೊಲದ ಹೂವಿಗೂ ಬಣ್ಣ ಕೊಟ್ಟಿದ್ದಾನೆ. ಸೌಂದರ್ಯವನ್ನು ಬಯಸುವುದು ಪಾಪವೆಂದು ಕಲಿಸಲು ನಮಗೆ ಅಧಿಕಾರವಿಲ್ಲ.

ಆಕ್ಷೇಪಣೆಗೆ ಉತ್ತರವು ನಮಗೆ ದೊರೆತುದು ಬೀದರಿನಲ್ಲಿ, ಬಿದರಿ ಕೆಲಸಗಾರರ ಮಳಿಗೆಯಲ್ಲಿ. ಬಾಲಿಕೆಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕೆಲಸವನ್ನು ಮೊದಲಿನಿಂದ ತೋರಿಸುವುದುಂಟು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಕೂಡಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೂಜಿಯಾದರೆ ನೀರು ನಿಲ್ಲಬೇಕು, ಪಾನ್‌ದಾನವಾದರೆ ಮುಚ್ಚಳವು ಸರಿಯಾಗಿ ಕೂರಬೇಕು, ಹುಕ್ಕದ ಬುಡವಾದರೆ ಉರುಳದಂತೆ ನಿಲ್ಲಬೇಕು. ಆಕಾರವು ಸರಿಹೋದ ಮೇಲೆಯೇ ಅರದಿಂದ ಉಜ್ಜಿ ನಯ ಮಾಡುತ್ತಾರೆ. ಬಳಿಕ ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಬಳ್ಳಿಯನ್ನೂ ಹೂವನ್ನೂ ಗೀಚಿ, ಉಳಿಯಿಂದ ಕೊರೆದು, ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ಬಿಸಿ ದ್ರಾವಣವನ್ನು ಹಚ್ಚಿದಾಗ ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿದು ಬೆಳಗುತ್ತದೆ. ಈ ವಿದ್ಯೆಗಾಗಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಇಲ್ಲಿ ಗಮನಿಸತಕ್ಕದ್ದು ಕೆಲಸದ ಕ್ರಮ. ಎರಕವು ಮೊದಲು, ಬೆಳ್ಳಿ ಆಮೇಲೆ. ಸೋರುವ ಹೂಜಿಗೆ ಎಷ್ಟು ಬೆಳ್ಳಿ ಬಡಿದರೂ ಅದು ನೀರು ಹಿಡಿಯದು; ನೀರು ಹಿಡಿಯುವ ಹೂಜಿಗೆ ಬೆಳ್ಳಿಯನ್ನು ಯಾವಾಗ ಬೇಕಾದರೂ ಬಡಿಯಬಹುದು. ಕೈಯಂತ್ರಗಳಿಗೂ ಇದೇ ನ್ಯಾಯವೆಂಬುದು ನಮ್ಮ ಅಭಿಪ್ರಾಯ. ಮೊಬೈಲಿಗೆ ಅಂದವನ್ನು ಕೊಂಡ ಮೇಲೆಯೂ ಸೇರಿಸಬಹುದು: ಒಂದು ಕವರು, ಒಂದು ಕಸೂತಿಯ ಚೀಲ ಸಾಕು. ಆದರೆ ಕಡಮೆಯಾದ ಬ್ಯಾಟರಿಯನ್ನೂ, ಇಲ್ಲದ ಸಂಗ್ರಹಸ್ಥಳವನ್ನೂ, ಬಾರದ ಬಿಡಿಭಾಗವನ್ನೂ ಕೊಂಡ ಮೇಲೆ ಸೇರಿಸಲು ಯಾರಿಂದಲೂ ಆಗದು. ಆದಕಾರಣ ಉಪಯೋಗವು ಮೊದಲು ಆರಿಸಲಿ. ಅದು ಆರಿಸಿಟ್ಟ ಮೂರು ನಾಲ್ಕರಲ್ಲಿ ಸೊಗಸು ತನಗೆ ಬೇಕಾದುದನ್ನು ಎತ್ತಿಕೊಳ್ಳಲಿ.

ಉಪಯೋಗವನ್ನು ಪರೀಕ್ಷಿಸುವುದು ಹೇಗೆಂದು ಕೇಳುವವರಿಗೆ ನಾವು ಹೇಳುವ ಮಾತುಗಳು ಇವು.

ಮೊದಲನೆಯದು, ಬಾಳಿಕೆ. ಇಂದಿನ ಲಿಥಿಯಮ್ ಬ್ಯಾಟರಿಗಳು ಕೆಲವು ನೂರು ಸಲ ಪೂರ್ಣವಾಗಿ ತುಂಬಿ ಬರಿದಾದ ಮೇಲೆ ಶಕ್ತಿಯನ್ನು ಕಳೆದುಕೊಳ್ಳುತ್ತ ಹೋಗುತ್ತವೆ. ಸೆಕೆಯಿಂದ ಇನ್ನೂ ಬೇಗನೆ ಕೆಡುತ್ತವೆ. ನಮ್ಮ ಸೀಮೆಯ ಬೇಸಗೆಯಲ್ಲಿ ಉಷ್ಣವು 40 ಡಿಗ್ರಿಯನ್ನು ಮುಟ್ಟುವುದುಂಟು. ತಗಡಿನ ಮಾಡಿನ ಕೆಳಗೆ ದಿಂಬಿನಡಿಯಲ್ಲಿಟ್ಟು ಚಾರ್ಜು ಮಾಡಿದರೆ ಎಂತಹ ಬ್ಯಾಟರಿಯೂ ಉಳಿಯದು. 5000 ಮಿಲಿಆಂಪಿಯರ್-ಅವರ್ ಬ್ಯಾಟರಿಯುಳ್ಳ ದಪ್ಪನೆಯ ಮೊಬೈಲು ಇಂದು ಅಗ್ಗದ ಬೆಲೆಗೂ ದೊರೆಯುತ್ತದೆ. ತೆಳ್ಳನೆಯ ಮೈಗಾಗಿ ಅದನ್ನು ಬಿಟ್ಟುಕೊಡಬೇಡಿರಿ. ಬ್ಯಾಟರಿಯನ್ನು ಕೊಂಡವರೇ ಬಿಚ್ಚಿ ಬದಲಿಸುವಂತಿರಬೇಕೆಂದು ಯುರೋಪಿನ ಒಕ್ಕೂಟವು 2023ರಲ್ಲಿ ಕಾಯಿದೆ ಮಾಡಿ, 2027ರ ಫೆಬ್ರವರಿಯನ್ನು ಗಡುವಾಗಿ ಇಟ್ಟಿತು. ಶ್ರೀಮಂತ ದೇಶಗಳೇ ಬಾಳಿಕೆಯನ್ನು ಕೇಳುವಾಗ ನಾವು ಕೇಳಲು ನಾಚತಕ್ಕದ್ದೇನು?

ಎರಡನೆಯದು, ರಿಪೇರಿ. ಕೊಳ್ಳುವ ಮೊದಲು ಮಾರುವವನನ್ನು ಬಿಟ್ಟು ರಿಪೇರಿ ಮಾಡುವವನನ್ನು ಕೇಳಿರಿ: ಇದರ ಗಾಜು ಒಡೆದರೆ ಎಷ್ಟು, ಎಷ್ಟು ದಿನ, ಎಲ್ಲಿ ಎಂದು. ಅವನು ತಲೆಯಾಡಿಸಿದರೆ ಆ ಮೊಬೈಲು ಎಷ್ಟೇ ಹೊಳೆಯಲಿ, ಅದು ಹಳ್ಳಿಯ ಹುಡುಗಿಗೆ ತಕ್ಕುದಲ್ಲ. ಸಾಫ್ಟ್‌ವೇರಿನ ರಕ್ಷಣೆಯನ್ನು ತಯಾರಕರು ಎಷ್ಟು ವರ್ಷ ಒದಗಿಸುವರೆಂದೂ ಕೇಳಿರಿ. ಮಗಳ ಓದು ಮೂರು ನಾಲ್ಕು ವರ್ಷದ್ದಾದರೆ ಅಷ್ಟು ಕಾಲವಾದರೂ ಅದು ಇರಲೇಬೇಕು.

ಮೂರನೆಯದು, ಸುರಕ್ಷತೆ. ಚಾರ್ಜರು, ಪವರ್ ಬ್ಯಾಂಕು, ಮೊಬೈಲು ಇವುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿಯು ಕಡ್ಡಾಯ. ವಸ್ತುವಿನ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆಯಿರುತ್ತದೆ, ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ಅದು ನಿಜವೋ ಸುಳ್ಳೋ ನೋಡಬಹುದು. ಸಂತೆಯಲ್ಲಿ ಬಣ್ಣಬಣ್ಣವಾಗಿ ತೂಗುವ ಅಗ್ಗದ ಚಾರ್ಜರಿನ ಮೇಲೆ ಆ ಸಂಖ್ಯೆಯನ್ನು ಹುಡುಕಿ ನೋಡಿರಿ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಅದಕ್ಕಾಗಿಯೇ ಹುಟ್ಟಿದಂತಿದೆ. ಇನ್ನು ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಒತ್ತಿದರೆ ತೋರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಕೊಂಡ ದಿನವೇ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಕಳೆದುಹೋದ ಮೊಬೈಲನ್ನು ಬೇರೆಯವರು ಬಳಸದಂತೆ ತಡೆಯಲು 2023ರಲ್ಲಿ ಸರಕಾರವು ತೆರೆದ ಸಂಚಾರ್ ಸಾಥಿ ಎಂಬ ವ್ಯವಸ್ಥೆಗೆ ಈ ಸಂಖ್ಯೆಯೇ ಬೇಕು.

ನಾಲ್ಕನೆಯದು, ಕನ್ನಡ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯಲ್ಲಿ ಯಾರಿಗೆ ತಿಳಿಯದು? ಅಂತಹ ನೆಲದ ಹೆಣ್ಣುಮಕ್ಕಳು ಕೊಳ್ಳುವ ಯಂತ್ರದಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುವವೋ, ಕನ್ನಡದಲ್ಲಿ ಬರೆಯುವುದು ಸುಲಭವೋ ಎಂದು ಅಂಗಡಿಯಲ್ಲಿಯೇ ಒಂದು ವಾಕ್ಯ ಬರೆದು ನೋಡಬೇಕು. ತಾಯಿಗೆ ಓದಲು ಬರುವ ಕಾಗದವನ್ನು ಮಗಳು ಬರೆಯಲಾರದಿದ್ದರೆ ಆ ಯಂತ್ರವು ಅರ್ಧ ಮೂಕ.

ಕಿವಿಗೆ ಸಿಕ್ಕಿಸಿಕೊಳ್ಳುವ ಸಾಧನಗಳ ಬಗ್ಗೆಯೂ ಒಂದು ಮಾತು. ತಂತಿಯಿಲ್ಲದ ಪುಟ್ಟ ಇಯರ್‌ಬಡ್ಡುಗಳು ಚೆಲುವಾಗಿವೆ, ನಿಜ. ಆದರೆ ಬಸ್ಸಿನಲ್ಲಿ ಒಂದು ಜಾರಿದರೆ ಜೋಡಿಯೇ ಹೋಯಿತು. ಬ್ಯಾಟರಿ ಸೋತರೆ ಬದಲಿಸಲು ಸಾಮಾನ್ಯವಾಗಿ ಆಗುವುದಿಲ್ಲ. ತಂತಿಯ ಇಯರ್‌ಫೋನು ಅಗ್ಗ, ಚಾರ್ಜೂ ಬೇಡ. ಯಾವುದನ್ನೇ ಕೊಂಡರೂ ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗೆ ಹಾಕಿರುವ ಮಿತಿ 75 ಡೆಸಿಬೆಲ್, ವಾರಕ್ಕೆ 40 ಗಂಟೆ ಎಂಬುದನ್ನು ಮರೆಯತಕ್ಕದ್ದಲ್ಲ. ಹೋದ ಕಿವಿಗೆ ಬಿಡಿಭಾಗವಿಲ್ಲ.

ಕಂತಿನ ವಿಷಯವನ್ನು ಕಡೆಗೆ ಇಟ್ಟುಕೊಂಡುದು ಅದು ಸಣ್ಣದೆಂದಲ್ಲ. ಸೊಗಸಿನ ಮೊಬೈಲು ಮನೆಗೆ ಬರುವುದು ಬಹುಮಟ್ಟಿಗೆ ಈ ಬಾಗಿಲಿನಿಂದಲೇ. “ಬಡ್ಡಿಯೇ ಇಲ್ಲ” ಎಂದು ಅಂಗಡಿಯವನು ಹೇಳಬಹುದು. ಸೊನ್ನೆ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಬಡ್ಡಿಯು ಬೆಲೆಯೊಳಗೋ ಶುಲ್ಕದೊಳಗೋ ಅಡಗಿರುತ್ತದೆ. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತುಕೊಂಡು ಖರ್ಚನ್ನು ಎಣಿಸುವನೆಂಬ ಸಾಮ್ಯವನ್ನು ನಮ್ಮ ಬಾಲಿಕೆಯರು ಭಾನುವಾರದ ಶಾಲೆಯಲ್ಲಿ ಕಲಿತಿದ್ದಾರೆ. ಅಂಗಡಿಗೆ ಹೋದಾಗ ಅದನ್ನು ಹೊಸ್ತಿಲ ಹೊರಗೆ ಬಿಟ್ಟುಹೋಗಬೇಡಿರೆಂದು ಕೇಳಿಕೊಳ್ಳುತ್ತೇವೆ.

ಅದೇ ಶಾಲೆಯಲ್ಲಿ ಕಲಿತ ಇನ್ನೊಂದು ಕಥೆಯನ್ನೂ ನೆನಪಿಗೆ ತರುತ್ತೇವೆ. ಗೊಲ್ಯಾತನ ಎದುರಿಗೆ ಹೊರಟ ದಾವೀದನಿಗೆ ಅರಸನು ತನ್ನ ತಾಮ್ರದ ಶಿರಸ್ತ್ರಾಣವನ್ನೂ ಕವಚವನ್ನೂ ತೊಡಿಸಿದನು. ಅವು ರಾಜಯೋಗ್ಯವಾದವುಗಳು, ಆದರೆ ತೊಟ್ಟುಕೊಂಡ ಹುಡುಗನಿಗೆ ಹೆಜ್ಜೆ ಇಡಲಾಗಲಿಲ್ಲ. ಅವನು ಅವನ್ನು ಕಳಚಿಟ್ಟು, ತನ್ನ ಕೈಗೆ ಒಗ್ಗಿದ ಕವಣೆಯನ್ನೂ ಹಳ್ಳದ ಐದು ನುಣುಪು ಕಲ್ಲುಗಳನ್ನೂ ತೆಗೆದುಕೊಂಡನು. ಅವನಿಗೆ ನಾಚಿಕೆಯಾಗಲಿಲ್ಲ. ತನ್ನ ಕೆಲಸವೇನೆಂದು ಬಲ್ಲವರಿಗೆ ತಮ್ಮ ಉಪಕರಣದ ವಿಷಯದಲ್ಲಿ ನಾಚಿಕೆಯಾಗುವುದಿಲ್ಲ. ನಮ್ಮ ಬಾಲಿಕೆಯರಿಗೆ ಕಲಿಸಬೇಕಾದುದು ಈ ಧೈರ್ಯವನ್ನೇ. ಅದನ್ನು ಕಲಿಸದೆ ಬರಿಯ ದಪ್ಪನೆಯ ಮೊಬೈಲನ್ನು ಕೈಗೆ ಕೊಟ್ಟರೆ, ಆ ಹಳೆಯ ವಿದ್ಯಾರ್ಥಿನಿಯ ಆಕ್ಷೇಪಣೆಯು ನಮ್ಮ ಮೇಲೆ ನಿಂತೇ ನಿಲ್ಲುತ್ತದೆ.

ಪೂರ್ವ ವಿದ್ಯಾರ್ಥಿನಿಯರು ಮತ್ತೊಮ್ಮೆ ಶಾಲೆಗೆ ಟ್ಯಾಬುಗಳನ್ನು ಕೊಡುವ ಇಚ್ಛೆಯನ್ನು ತಿಳಿಸಿದ್ದಾರೆ. ಹಿಂದಿನ ಕಾಣಿಕೆಯನ್ನು ನಾವು ಸರಿಯಾಗಿ ಬಳಸದಿದ್ದರೂ ಅವರ ವಿಶ್ವಾಸ ಕುಂದಿಲ್ಲವೆಂಬುದು ನಮ್ಮನ್ನು ತಲೆತಗ್ಗಿಸುವಂತೆ ಮಾಡಿದೆ. ಈ ಸಲದ ಏರ್ಪಾಡು ಹೀಗೆ: ಮೇಲೆ ಹೇಳಿದ ಪ್ರಶ್ನೆಗಳನ್ನು ಬರೆದುಕೊಂಡು, ಹತ್ತನೆಯ ತರಗತಿಯ ಇಬ್ಬರು ಬಾಲಿಕೆಯರನ್ನೂ ರಿಪೇರಿ ಬಲ್ಲ ಒಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇವೆ. ಪರೀಕ್ಷೆಯಲ್ಲಿ ಗೆದ್ದವುಗಳಲ್ಲಿ ಯಾವ ಬಣ್ಣ ಎಂಬುದನ್ನು ಬಾಲಿಕೆಯರೇ ಹೇಳಲಿ. ಅಲ್ಲಿ ನಾವು ಬಾಯಿ ಹಾಕುವುದಿಲ್ಲ. ಮನೆಗೆ ತಂದ ಮೇಲೆ ಹೊಲಿಗೆಯ ತರಗತಿಯವರು ಒಂದೊಂದಕ್ಕೂ ಹತ್ತಿ ತುಂಬಿದ ಚೀಲವನ್ನು ಹೊಲಿದು, ತಾಂಡಾಗಳಿಂದ ಬರುವ ನಮ್ಮ ಬಾಲಿಕೆಯರು ಬಲ್ಲ ಕನ್ನಡಿ ಕಸೂತಿಯನ್ನು ಅದರ ಮೇಲೆ ಹಾಕುವರು. ಬಿದ್ದರೆ ಒಡೆಯದಂತೆ ಹತ್ತಿಯು ಕಾಯಲಿ. ನೋಡಿದರೆ ಕಣ್ಣು ತಣಿಯುವಂತೆ ಕಸೂತಿಯು ಹೊಳೆಯಲಿ.

ಮಾನ್ಯ ತಂದೆತಾಯಂದಿರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗಳನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋಗಿರಿ. ಪ್ರಶ್ನೆಗಳನ್ನು ಆಕೆಯೇ ಕೇಳಲಿ. ಹತ್ತು ವರ್ಷ ಅಕ್ಷರ ಕಲಿತವಳು ಹತ್ತು ನಿಮಿಷ ಪ್ರಶ್ನೆ ಕೇಳಲಾರಳೇ? ಹಾಗೆ ಕೇಳಿ ಆರಿಸಿದ ಮೊಬೈಲು ಸಾಧಾರಣವಾದುದಾಗಿದ್ದರೂ ಅದು ಆಕೆಯ ಸ್ವಂತ ತೀರ್ಪಿನ ಫಲವಾಗಿರುತ್ತದೆ. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಅವಶ್ಯಕತೆಯು ಆಕೆಗೆ ಬಾರದು.